ಮನೆಮಾತು ಬೇರೆ, ಪಾಠದ ಮಾತು ಬೇರೆ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಒಂದೇ ಜಮಖಾನದ ಮೇಲೆ ತಾಂಡಾದ (ಲಂಬಾಣಿ ಜನರ ವಸತಿ) ಮಗು, ಕ್ಯಾಂಪಿನ (ವಲಸೆ ಬಂದ ತೆಲುಗು ರೈತರ ವಸತಿ) ತೆಲುಗು ಮಗು, ಉರ್ದು ಮನೆಯ ಮಗು, ಆರು ತಿಂಗಳು ಪುಣೆಯಲ್ಲಿದ್ದು ಬಂದ ಮಗು ಕೂತಿರುತ್ತವೆ. ಪಠ್ಯಪುಸ್ತಕ ಮಾತ್ರ ಒಂದೇ. ಇಂಥ ತರಗತಿ ನಡೆಸುವವರು ತರಬೇತಿಗಳಲ್ಲಿ, ಸಮಾಲೋಚನಾ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಯಾವ ಮಕ್ಕಳನ್ನು ‘ಅಪಾಯದ ಅಂಚಿನಲ್ಲಿರುವವರು’ ಅನ್ನಬೇಕು?

ಅಪಾಯ ಎಂದರೆ ಕಲಿಕೆಯಲ್ಲಿ ಹಿಂದೆ ಬಿದ್ದು ಶಾಲೆ ಬಿಡುವುದು. ಮನೆಮಾತು ಬೇರೆ ಇದ್ದ ಮಾತ್ರಕ್ಕೆ ಮಗು ಅಪಾಯದಲ್ಲಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮನೆಯ ಎಷ್ಟೋ ಮಕ್ಕಳು ಕನ್ನಡದಲ್ಲಿ ಸಲೀಸಾಗಿ ಓದುತ್ತಾರೆ. ಮನೆಮಾತು ಬೇರೆ ಇದ್ದು, ಜೊತೆಗೆ ಕೆಳಗಿನವುಗಳಲ್ಲಿ ಒಂದು ಸೇರಿಕೊಂಡರೆ ಆ ಮಗುವಿನ ಮೇಲೆ ಕಣ್ಣಿಡಿ: ವರ್ಷದಲ್ಲಿ ಎರಡು ತಿಂಗಳಿಗೂ ಹೆಚ್ಚು ಗುಳೆ (ಕೂಲಿ ಹುಡುಕಿಕೊಂಡು ಬೇರೆ ಊರಿಗೆ) ಹೋಗುವ ಮನೆ, ಓದು ಬಲ್ಲವರು ಒಬ್ಬರೂ ಇಲ್ಲದ ಮನೆ, ತಮ್ಮ-ತಂಗಿಯನ್ನು ನೋಡಿಕೊಳ್ಳುವ ಹೊಣೆ, ಹತ್ತಿ ಅಥವಾ ಮೆಣಸಿನಕಾಯಿ ಹೊಲದ ಕೂಲಿ, ಮುಂದಿನ ತರಗತಿ ಬೇರೆ ಊರಿನಲ್ಲಿರುವ ಹೆಣ್ಣುಮಗು. ಮನೆಮಾತು ಕನ್ನಡವೇ ಆಗಿದ್ದರೂ ಇವುಗಳಲ್ಲಿ ಎರಡು ಕೂಡಿದರೆ ಪಟ್ಟಿಗೆ ಸೇರಿಸಿ.

ಮಗು ಶಾಲೆಗೆ ಬಂದು ಎರಡು ತಿಂಗಳಾಯಿತು, ಒಂದು ಮಾತೂ ಆಡುತ್ತಿಲ್ಲ. ಬುದ್ಧಿ ಮಂದವೇ?

ಬಹುತೇಕ ಸಲ ಅಲ್ಲ. ಹೊಸ ಭಾಷೆಯೊಳಗೆ ಕಾಲಿಟ್ಟ ಮಗು ಮೊದಲು ಕೇಳಿಸಿಕೊಳ್ಳುತ್ತದೆ, ಆಮೇಲೆ ಆಡುತ್ತದೆ. ಈ ಮೌನ ಕೆಲವು ವಾರ ಇರಬಹುದು, ಕೆಲವು ತಿಂಗಳೂ ಇರಬಹುದು. ಒಳಗೆ ಕೆಲಸ ನಡೆದಿದೆಯೇ ಎಂದು ನೋಡಲು ಬಾಯಿ ತೆರೆಸಬೇಕಿಲ್ಲ. ‘ಸೀಮೆಸುಣ್ಣ ತಾ’, ‘ಕಿಟಕಿ ಮುಚ್ಚು’, ‘ಕೆಂಪು ಪುಸ್ತಕ ಮೇಜಿನ ಕೆಳಗೆ ಇಡು’ ಎಂದು ಕೈಸನ್ನೆ ಇಲ್ಲದೆ ಹೇಳಿ. ಮಾಡಿದರೆ ಕನ್ನಡ ಒಳಗೆ ಇಳಿಯುತ್ತಿದೆ. ‘ಹೌದು/ಇಲ್ಲ’ದ ಪ್ರಶ್ನೆ, ಬೆರಳು ತೋರಿಸಿ ಹೇಳುವ ಉತ್ತರ, ಇಬ್ಬರು ಸೇರಿ ಹೇಳುವ ಉತ್ತರ, ಈ ಕ್ರಮದಲ್ಲಿ ಮುಂದಕ್ಕೆ ಹೋಗಿ. ಎಲ್ಲರ ಮುಂದೆ ನಿಲ್ಲಿಸಿ ‘ಹೇಳು, ಹೇಳು’ ಎಂದರೆ ಮೌನ ಇನ್ನೊಂದು ತಿಂಗಳು ಉದ್ದವಾಗುತ್ತದೆ.

ನಿಜವಾದ ತೊಂದರೆಯನ್ನು ಬೇರ್ಪಡಿಸಲು ಮೂರು ತಪಾಸಣೆ ಸಾಕು. ಒಂದು, ಮನೆಮಾತಿನಲ್ಲಿ ಹೇಗಿದೆ? ಅಕ್ಕನನ್ನೋ ಅಣ್ಣನನ್ನೋ ಕೂರಿಸಿಕೊಂಡು ‘ನಿನ್ನೆ ಏನೇನು ಮಾಡಿದಿ’ ಎಂದು ಅವರ ಮಾತಿನಲ್ಲೇ ಕೇಳಿಸಿ. ಅಲ್ಲಿ ಉದ್ದುದ್ದ ಮಾತಾಡಿದರೆ ಕೊರತೆ ಇರುವುದು ಕನ್ನಡದ ಬಳಕೆಯಲ್ಲಿ, ಮಗುವಿನಲ್ಲಲ್ಲ. ಎರಡು, ಮಗು ಬೆನ್ನು ತಿರುಗಿಸಿ ಕೂತಿರುವಾಗ ಹತ್ತು ಅಡಿ ದೂರದಿಂದ ಮೆಲ್ಲಗೆ ಹೆಸರು ಕರೆಯಿರಿ. ಕಿವಿ ಸೋರುವ ಮಕ್ಕಳು ಇಲ್ಲಿ ಕಡಿಮೆಯಿಲ್ಲ, ಅವರು ಪೆದ್ದರೆಂದು ಹೆಸರಾಗಿ ಹಿಂದಿನ ಸಾಲಿಗೆ ಹೋಗಿರುತ್ತಾರೆ. ಮೂರು, ಹಲಗೆಯ ಮೇಲಿನ ಅಕ್ಷರ ಕಾಣುತ್ತದೆಯೇ ನೋಡಿ. ಮನೆಮಾತಿನಲ್ಲೂ ವಾಕ್ಯ ಕೂಡಿಬರುತ್ತಿಲ್ಲ, ಕಿವಿಯ ಅಥವಾ ಕಣ್ಣಿನ ಅನುಮಾನ ಇದೆ ಎಂದಾದರೆ ಆರ್‌ಬಿಎಸ್‌ಕೆ ತಂಡ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ) ಶಾಲೆಗೆ ಬರುವ ದಿನಕ್ಕೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಲಂಬಾಣಿ ನನಗೆ ಬರುವುದಿಲ್ಲ. ಎಷ್ಟು ಕಲಿತರೆ ಸಾಕು?

ಪಾಠ ಮಾಡುವಷ್ಟು ಬೇಕಿಲ್ಲ. ನಲವತ್ತು ಪದ, ಹತ್ತು ಸಣ್ಣ ವಾಕ್ಯ ಸಾಕು: ಬಾ, ಕೂತ್ಕೋ, ಹೊಟ್ಟೆ ನೋವೇ, ನೀರು ಬೇಕೇ, ಮೂತ್ರಕ್ಕೆ ಹೋಗಬೇಕೇ, ಯಾರು ಹೊಡೆದರು. ಒಂದನೇ ತರಗತಿಯ ಮಗು ಅಳುವುದು ಹೆಚ್ಚಾಗಿ ಈ ಕೊನೆಯ ಮೂರನ್ನು ಹೇಳಲಾಗದೆ. ತಾಯಿಗೆ ಯಾಡಿ, ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಹೀಗೆ ಶುರು ಮಾಡಿ. ಉಚ್ಚಾರ ತಾಂಡಾದಿಂದ ತಾಂಡಾಕ್ಕೆ ಬದಲಾಗುವುದರಿಂದ ಬೇರೆ ಜಿಲ್ಲೆಯಲ್ಲಿ ಅಚ್ಚಾದ ಪಟ್ಟಿಗಿಂತ ನಿಮ್ಮ ತರಗತಿಯ ಮಕ್ಕಳು ಹೇಳಿದ್ದೇ ಸರಿಯಾದ ಪಟ್ಟಿ. ಲಂಬಾಣಿಗೆ ತನ್ನದೇ ಲಿಪಿ ಇಲ್ಲದ್ದರಿಂದ ಕನ್ನಡ ಅಕ್ಷರದಲ್ಲೇ ಬರೆಯಿರಿ. ಒಂದು ಕಡೆ ಚಿತ್ರ, ಕೆಳಗೆ ಎರಡು ಪದ: ಮನೆಮಾತಿನದು ಒಂದು ಬಣ್ಣದಲ್ಲಿ, ಕನ್ನಡದ್ದು ಇನ್ನೊಂದು ಬಣ್ಣದಲ್ಲಿ. ಬಣ್ಣ ವರ್ಷಪೂರ್ತಿ ಬದಲಾಗಬಾರದು.

ಮಕ್ಕಳು ನಿಮ್ಮ ಉಚ್ಚಾರ ಕೇಳಿ ನಗುತ್ತಾರೆ. ನಗಲಿ. ತಪ್ಪು ಮಾತಾಡಿದರೆ ಏನೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಾಗುವುದೇ ಅಲ್ಲಿ.

ತರಗತಿಯಲ್ಲಿ ಮನೆಮಾತಿಗೆ ಜಾಗ ಕೊಟ್ಟರೆ ಕನ್ನಡ ಹಿಂದೆ ಬೀಳುವುದಿಲ್ಲವೇ?

ಇಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ಅರಿವು ಇನ್ನೊಂದಕ್ಕೆ ದಾಟುತ್ತದೆ. ‘ಅರ್ಧ’ ಎಂದರೇನು ಎಂದು ತೆಲುಗಿನಲ್ಲಿ ತಿಳಿದ ಮಗು ಕನ್ನಡದಲ್ಲಿ ಕಲಿಯಬೇಕಾದ್ದು ಪದವನ್ನು ಮಾತ್ರ. ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಕಲಮು ಕೂಡ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕು ಎನ್ನುತ್ತದೆ.

ಆದರೆ ಬಳಸುವ ಕ್ರಮ ಮುಖ್ಯ. ಕನ್ನಡದಲ್ಲಿ ಒಂದು ವಾಕ್ಯ, ಕೂಡಲೇ ಲಂಬಾಣಿಯಲ್ಲಿ ಅದೇ ವಾಕ್ಯ, ಹೀಗೆ ಸಾಲಿಗೊಂದು ಅನುವಾದ ಮಾಡುತ್ತಾ ಹೋದರೆ ಮಗು ಕನ್ನಡವನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಹೇಗೂ ಮುಂದಿನ ಉಸಿರಿನಲ್ಲಿ ತನ್ನ ಮಾತು ಬರುತ್ತದಲ್ಲ! ಮನೆಮಾತನ್ನು ಮೂರು ಜಾಗದಲ್ಲಿ ಇಡಿ: ಪಾಠಕ್ಕೆ ಮುಂಚೆ ಏನು ಗೊತ್ತು ಎಂದು ಕೇಳುವಾಗ, ಗುಂಪಿನಲ್ಲಿ ತಲೆ ಕೂಡಿಸಿ ಯೋಚಿಸುವಾಗ, ಕಷ್ಟದ ಪರಿಕಲ್ಪನೆ ಸಿಕ್ಕಿಕೊಂಡಾಗ. ಹೇಳುವುದು, ಬರೆಯುವುದು ಕನ್ನಡದಲ್ಲಿ.

ಆಟದ ಬಯಲಿನಲ್ಲಿ ಚೆನ್ನಾಗಿ ಕನ್ನಡ ಆಡುವ ಹುಡುಗ ಪರಿಸರ ಅಧ್ಯಯನದಲ್ಲಿ ಸೊನ್ನೆ. ಸೋಮಾರಿತನವೇ?

ಅವು ಎರಡು ಬೇರೆ ಕನ್ನಡಗಳು. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದರು: ಆಡುಮಾತು ಸುಮಾರು ಎರಡು ವರ್ಷಕ್ಕೆ ಬರುತ್ತದೆ, ಪಾಠದ ಭಾಷೆ ಕೈಗೆ ಬರಲು ಐದರಿಂದ ಏಳು ವರ್ಷ ಬೇಕು. ಆ ಲೆಕ್ಕ ಅಲ್ಲಿಗೆ ವಲಸೆ ಬಂದ ಮಕ್ಕಳದ್ದು, ನಮ್ಮ ಊರಿಗೆ ಅಕ್ಷರಶಃ ಅನ್ವಯಿಸಬೇಕಿಲ್ಲ. ತಿರುಳು ಮಾತ್ರ ಇಲ್ಲಿಯೂ ನಿಜ. ‘ಚೆಂಡು ಒಗಿ’ ಎನ್ನಲು ಬೇಕಾದ ಕನ್ನಡದಿಂದ ‘ಆವಿಯಾಗುವಿಕೆ’, ‘ಹೋಲಿಸಿ’, ‘ಕಾರಣ ಕೊಡಿ’ ಅರ್ಥವಾಗುವುದಿಲ್ಲ. ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನೇ ಒಂದೊಂದಾಗಿ ಕಲಿಸಿ. ವಾರಕ್ಕೆ ಎರಡು ಸಾಕು. ಎರಡು ಕಲ್ಲು ಕೈಗೆ ಕೊಟ್ಟು ‘ಹೋಲಿಸು’ ಎಂದರೆ ಏನು ಮಾಡಬೇಕು ಎಂದು ತೋರಿಸಿ.

ತೆಲುಗು ಮನೆಯ ಮಕ್ಕಳ ತಪ್ಪುಗಳಲ್ಲಿ ಏನಾದರೂ ಕ್ರಮ ಇದೆಯೇ?

ಇದೆ, ಅದನ್ನು ಬಂಡವಾಳ ಮಾಡಿಕೊಳ್ಳಬಹುದು. ತೆಲುಗಿನ ಪಕಾರ ಕನ್ನಡದಲ್ಲಿ ಎಷ್ಟೋ ಕಡೆ ಹಕಾರ ಆಗಿದೆ: ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು, ಪಂಡು–ಹಣ್ಣು, ಪುವ್ವು–ಹೂವು, ಪೇರು–ಹೆಸರು. ಮೂರನೇ ತರಗತಿಯಿಂದ ಇದನ್ನು ಪದದಾಟವಾಗಿ ಆಡಿಸಿ. ಮಕ್ಕಳೇ ಹತ್ತು ಜೋಡಿ ಹುಡುಕಿ ತರುತ್ತಾರೆ, ಕನ್ನಡದ ಮಕ್ಕಳೂ ಕಣ್ಣರಳಿಸುತ್ತಾರೆ. ಎಲ್ಲ ಪದಕ್ಕೂ ನಡೆಯುವುದಿಲ್ಲ ಎಂದೂ ಹೇಳಿಬಿಡಿ. ಇಲ್ಲವಾದರೆ ‘ಪಿಲ್ಲಿ’ (ಬೆಕ್ಕು) ಹೋಗಿ ‘ಹಿಲ್ಲಿ’ ಆಗುತ್ತದೆ.

ಇನ್ನೊಂದು ‘ಅಕ್ಕ ಬಂತು’. ತೆಲುಗಿನಲ್ಲಿ ಒಬ್ಬ ಹೆಂಗಸಿಗೂ ಒಂದು ಎತ್ತಿನ ಗಾಡಿಗೂ ಕ್ರಿಯಾಪದ ಒಂದೇ, ‘ವಚ್ಚಿಂದಿ’. ಆ ಅಚ್ಚಿನಲ್ಲಿ ಬೆಳೆದ ಮಗು ‘ಬಂದಳು’ ಎನ್ನಲು ತಡವರಿಸುತ್ತದೆ. ವ್ಯಾಕರಣ ಹೇಳಬೇಡಿ. ‘ಹೌದಾ, ಅಕ್ಕ ಬಂದಳಾ? ಯಾವಾಗ ಬಂದಳು?’ ಎಂದು ಸರಿಯಾದ ರೂಪವನ್ನು ಮಾತಿನೊಳಗೆ ಎರಡು ಸಲ ತಿರುಗಿಸಿ ಕೊಡಿ. ಲಿಪಿಯೂ ಹತ್ತಿರದ್ದಾದ್ದರಿಂದ, ತೆಲುಗು ಓದಲು ಮೊದಲೇ ಬರುವ ಮಗುವನ್ನು ಅಆಇಈಯಿಂದ ಮತ್ತೆ ಶುರು ಮಾಡಿಸುವುದು ವ್ಯರ್ಥ. ಬೇರೆಯಾಗಿ ಕಾಣುವ ಅಕ್ಷರಗಳನ್ನಷ್ಟೇ ಎತ್ತಿಕೊಳ್ಳಿ.

ಉರ್ದು ಮನೆಯ ಮಕ್ಕಳದ್ದು?

ಉರ್ದುವಿನಲ್ಲಿ ಳ, ಣ ಇಲ್ಲ. ‘ಬೆಲೆ’ ಮತ್ತು ‘ಬೆಳೆ’, ‘ಹಲ್ಲಿ’ ಮತ್ತು ‘ಹಳ್ಳಿ’ ಅವರ ಕಿವಿಗೆ ಒಂದೇ. ಬರೆಸುವ ಮುಂಚೆ ಕೇಳಿಸಿ: ಎರಡು ಚಿತ್ರ ಇಟ್ಟು ಪದ ಹೇಳಿ, ಮಗು ಬೆರಳು ಇಡಲಿ. ದಿನಕ್ಕೆ ಐದು ನಿಮಿಷದಂತೆ ಕೆಲವು ವಾರ ಆಡಿಸಿದ ಮೇಲೆ ಉಕ್ತಲೇಖನ. ‘ಬಸ್ ಬಂದಳು’ ಎಂದರೆ ಬೆಚ್ಚಬೇಡಿ, ಉರ್ದುವಿನಲ್ಲಿ ಬಸ್ಸು ಸ್ತ್ರೀಲಿಂಗ. ಇನ್ನೊಂದು ಕಡೆ ಈ ಮಕ್ಕಳೇ ಮುಂದು: ಖ, ಘ, ಧ, ಭ ಎಂಬ ಮಹಾಪ್ರಾಣಗಳನ್ನು ಹುಟ್ಟಿನಿಂದ ಕೇಳಿ ಬೆಳೆದವರು. ಕನ್ನಡ ಮನೆಯ ಹುಡುಗ ‘ಗಂಟೆ’, ‘ಘಂಟೆ’ ನಡುವೆ ಒದ್ದಾಡುವಾಗ ಅವನ ಪಕ್ಕ ಉರ್ದು ಮನೆಯ ಹುಡುಗಿಯನ್ನು ಕೂರಿಸಿ, ಅವಳೇ ಹೇಳಿಕೊಡಲಿ.

ಉರ್ದು ಮಾಧ್ಯಮದಿಂದ ನೇರವಾಗಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಬಂದವರಿಗೆ ಬರವಣಿಗೆಯ ದಿಕ್ಕೇ ತಿರುಗುತ್ತದೆ. ಮೊದಲ ಕೆಲವು ವಾರ ನಿಧಾನವಾಗಿ ಬರೆದರೆ ಸಮಯ ಹೆಚ್ಚು ಕೊಡಿ, ಸಾಲು ಕಡಿಮೆ ಮಾಡಿ.

ನಮ್ಮ ಮಕ್ಕಳ ಮನೆಮಾತು ಕನ್ನಡವೇ. ಆದರೂ ‘ಮನೆ’ ಬರೆ ಅಂದರೆ ‘ಮನಿ’ ಬರೆಯುತ್ತಾರಲ್ಲ?

ಅವರು ಕೇಳಿದ್ದನ್ನೇ ಬರೆದಿದ್ದಾರೆ, ಅದೂ ಸರಿಯಾಗಿ. ಮನಿ, ಶಾಲಿ, ಎಲಿ, ತಲಿ: ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಹತ್ತು ಕೆಂಪು ಗೀಟು ಎಳೆದರೆ ಮಗುವಿಗೆ ಹತ್ತು ತಪ್ಪು ಕಾಣುತ್ತದೆ, ವಾಸ್ತವದಲ್ಲಿ ಇರುವುದು ಒಂದೇ ನಿಯಮ. ಹಲಗೆಯನ್ನು ಎರಡು ಭಾಗ ಮಾಡಿ, ‘ನಾವು ಅನ್ನೋದು’ ಒಂದು ಕಡೆ, ‘ಪುಸ್ತಕದಾಗ ಇರೋದು’ ಇನ್ನೊಂದು ಕಡೆ. ಐತಿ–ಇದೆ, ಬಂದಾನ–ಬಂದಿದ್ದಾನೆ, ಹ್ಯಾಂಗ–ಹೇಗೆ, ಉಳ್ಳಾಗಡ್ಡಿ–ಈರುಳ್ಳಿ, ಶೇಂಗಾ–ಕಡಲೆಕಾಯಿ. ‘ಶುದ್ಧ’, ‘ಅಶುದ್ಧ’ ಎಂಬ ಹೆಸರು ಹಚ್ಚಬೇಡಿ. ಒಂದು ಮನೆಯ ಬಟ್ಟೆ, ಇನ್ನೊಂದು ಜಾತ್ರೆಯ ಬಟ್ಟೆ ಎಂದರೆ ಮಕ್ಕಳಿಗೆ ತಿಳಿಯುತ್ತದೆ.

ಒಂದು ಪಾಠ ನಿಜವಾಗಿ ಹೇಗೆ ನಡೆಯಬೇಕು? ಉದಾಹರಣೆ ಕೊಡಿ.

ನಾಲ್ಕನೇ ತರಗತಿ, ಸಸ್ಯದ ಭಾಗಗಳು, 40 ನಿಮಿಷ. ಬೇಕಾದ್ದು: ಬೇರು ಸಮೇತ ಕಿತ್ತ ಶೇಂಗಾ ಗಿಡ, ಐದು ಮಕ್ಕಳಿಗೆ ಒಂದು. ಒಂದೆರಡರಲ್ಲಿ ಹೂ ಇರಲಿ, ಮಣ್ಣು ತೊಳೆಯಬೇಡಿ. ಗುರಿ ಎರಡು, ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ವಿಷಯದ ಗುರಿ: ಮಣ್ಣೊಳಗೆ ಇರುವುದೆಲ್ಲ ಬೇರಲ್ಲ. ಭಾಷೆಯ ಗುರಿ: ಬೇರು, ಕಾಂಡ, ಎಲೆ, ಹೂ, ಕಾಯಿ, ಬೀಜ ಎಂಬ ಆರು ಪದ, ‘ಯಾಕೆಂದರೆ’ ಎಂಬ ಒಂದು ಜೋಡಣೆ.

ಮೊದಲ 5 ನಿಮಿಷ ಗಿಡ ಕೈಗೆ ಕೊಟ್ಟು ಸುಮ್ಮನಿರಿ. ಯಾವ ಭಾಷೆಯಲ್ಲಾದರೂ ಮಾತಾಡಲಿ. ಮುಂದಿನ 10 ನಿಮಿಷ ಆರು ಪದ: ನೀವು ಹೇಳಿ, ಅವರು ಮುಟ್ಟಲಿ. ಆಮೇಲೆ ಒಬ್ಬ ಮಗು ಹೇಳಲಿ, ಉಳಿದವರು ಮುಟ್ಟಲಿ. ಇಲ್ಲಿ ಪ್ರಶ್ನೆ ಹಾಕಿ: ‘ಶೇಂಗಾಕಾಯಿ ಬೇರೋ, ಕಾಯೋ?’ ಗುಂಪಿನಲ್ಲಿ 10 ನಿಮಿಷ ಜಗಳವಾಡಲಿ, ಮನೆಮಾತಿನಲ್ಲೇ. ಶೇಂಗಾ ಕಿತ್ತು ಬಂದ ಮಗು ಈ ಹೊತ್ತಿಗೆ ಮುಂದೆ ಬರುತ್ತದೆ. ಹಳದಿ ಹೂ ಮಣ್ಣಿನ ಮೇಲೆಯೇ ಅರಳುತ್ತದೆ, ಆಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಬೆಳೆದು ಮಣ್ಣೊಳಗೆ ಇಳಿಯುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಇದನ್ನು ಹೊಲದಲ್ಲಿ ಕಂಡವರು ಅವರು, ನಿಮ್ಮ ಪುಸ್ತಕವಲ್ಲ. ಆ ಕಡ್ಡಿಯನ್ನು ಬೆರಳಿನಿಂದ ಹಿಂಬಾಲಿಸಿ ತೋರಿಸಲು ಹೇಳಿ. ಅದು ಬೇರಿಗೆ ಅಂಟಿಲ್ಲ, ಕಾಂಡಕ್ಕೆ ಅಂಟಿದೆ. ಉಳಿದ 15 ನಿಮಿಷ ಕನ್ನಡದಲ್ಲಿ, ಹಲಗೆಯ ಮೇಲಿನ ಚೌಕಟ್ಟು ಹಿಡಿದು: ‘ಶೇಂಗಾ ___ ಒಳಗೆ ಇರುತ್ತದೆ. ಆದರೆ ಅದು ___ ಅಲ್ಲ, ಯಾಕೆಂದರೆ ___.’ ಮೊದಲು ಬಾಯಲ್ಲಿ, ಜೋಡಿಯಲ್ಲಿ, ಆಮೇಲೆ ಬರವಣಿಗೆ. ಹೊಸಬರು ಮೊದಲ ಎರಡು ಖಾಲಿ ತುಂಬಿದರೂ ಸಾಕು. ಬರೆಯಬಲ್ಲವರಿಗೆ ಚೌಕಟ್ಟು ಅಳಿಸಿಬಿಡಿ.

ಕೆಡುವುದು ಎಲ್ಲಿ? ಶಿಕ್ಷಕರು 10 ನಿಮಿಷದ ಜಗಳವನ್ನು ಎರಡೇ ನಿಮಿಷಕ್ಕೆ ಮೊಟಕು ಮಾಡಿ ಉತ್ತರ ಹೇಳಿಬಿಡುತ್ತಾರೆ. ಇಲ್ಲವೇ ‘ಬೇರು ಎಂದರೆ’ ಎಂಬ ವ್ಯಾಖ್ಯಾನ ಬರೆದು ನಕಲು ಮಾಡಿಸುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮಗು ಕೇಳಿದ್ದನ್ನು ತನ್ನ ಭಾಷೆಗೆ ತಿರುಗಿಸಿ, ಯೋಚಿಸಿ, ಮತ್ತೆ ಕನ್ನಡಕ್ಕೆ ತರಬೇಕು. ಅಷ್ಟು ಹೊತ್ತು ಬೇಕೇಬೇಕು.

ಮನೆಯ ಅರಿವನ್ನು ಹೀಗೆ ಪಾಠಕ್ಕೆ ತರುವುದನ್ನು ಅಮೆರಿಕದ ಅರಿಜೋನಾದಲ್ಲಿ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದರು. ಅಲ್ಲಿ ಶಿಕ್ಷಕರು ಮೆಕ್ಸಿಕನ್ ಮೂಲದ ಮನೆಗಳಿಗೆ ಹೋಗಿ ಬೇಸಾಯ, ಕಟ್ಟಡ, ಔಷಧ ಎಂದು ಯಾರಿಗೆ ಏನು ಗೊತ್ತು ಎಂದು ತಿಳಿದುಕೊಂಡರು. ನಮ್ಮಲ್ಲಿ ಕಿನ್ನಾಳದ ಮರದ ಗೊಂಬೆ, ಭತ್ತದ ನಾಟಿ, ಕುರಿ ಲೆಕ್ಕ, ತಾಂಡಾದ ಕಸೂತಿಯ ಕನ್ನಡಿ ಹೊಲಿಗೆಯ ಸಮಮಿತಿ ಎಲ್ಲವೂ ಪಾಠ ಆಗಬಲ್ಲವು. ಮಸ್ಕಿಯ ಮಕ್ಕಳಿಗೆ ಅಶೋಕನ ಶಾಸನದ ಕಲ್ಲು ತೋರಿಸಿ: ಈ ನೆಲದಲ್ಲಿ ಪ್ರಾಕೃತ ಭಾಷೆಯನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದ್ದಾರೆ. ಒಂದೇ ಊರಿನಲ್ಲಿ ಹಲವು ಮಾತು ಇರುವುದು ಹೊಸ ತಾಪತ್ರಯವೇನೂ ಅಲ್ಲ.

ನಲಿ ಕಲಿಯಲ್ಲಿ (ಚಿಕ್ಕ ತರಗತಿಗಳ ಮಕ್ಕಳು ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ) ಮಗು ಅಕ್ಷರ ಓದುತ್ತದೆ, ಅರ್ಥ ಗೊತ್ತಿಲ್ಲ. ಕಲಿಕೆಯ ಏಣಿಯಲ್ಲಿ ಮುಂದೆ ಕಳಿಸಬಹುದೇ?

ಕಳಿಸಬಹುದು, ಆದರೆ ಬಾಕಿ ಬರೆದಿಟ್ಟುಕೊಂಡು. ‘ರ ಗ ಸ ದ ಅ’ ಮುಗಿದ ಮೇಲೆ ಬರುವ ಅರಸ, ಅಗಸ, ದಸರ ಎಂಬ ಪದಗಳನ್ನು ತಾಂಡಾದ ಮಗು ಮಂತ್ರದಂತೆ ಓದುತ್ತದೆ. ಅರಸ ಯಾರೆಂದು ಅದಕ್ಕೆ ಗೊತ್ತಿಲ್ಲ. ಒಂದೊಂದು ಮೈಲಿಗಲ್ಲಿಗೂ ಮುಂಚೆ ಆ ಅಕ್ಷರಗಳಿಂದಾಗುವ ಐದಾರು ಪದಗಳನ್ನು ಮೂರು ದಿನ ಬರೀ ಬಾಯಲ್ಲಿ ಆಡಿಸಿ, ಚಿತ್ರ, ಅಭಿನಯ, ವಸ್ತು ಹಿಡಿದು. ಆಮೇಲೆ ಕಾರ್ಡು. ಪ್ರಗತಿ ನೋಟದಲ್ಲಿ ಪೆನ್ಸಿಲಿನಿಂದ ಎರಡು ಗುರುತು ಹಾಕಿ: ಓದಿತು, ತಿಳಿಯಿತು.

ಸಹಪಾಠಿ ಬೆಂಬಲಿತ ಗುಂಪಿನಲ್ಲಿ ಒಂದೇ ಮನೆಮಾತಿನ ಒಬ್ಬರಾದರೂ ಜೊತೆಗಿರಲಿ. ಹಾಗೆಂದು ಲಂಬಾಣಿ ಮಕ್ಕಳನ್ನೆಲ್ಲ ಒಂದೇ ತಟ್ಟೆಯಲ್ಲಿ (ನಲಿ ಕಲಿ ಗುಂಪಿನಲ್ಲಿ) ವರ್ಷಪೂರ್ತಿ ಕೂರಿಸಿದರೆ ಅದು ತರಗತಿಯೊಳಗಿನ ಇನ್ನೊಂದು ತಾಂಡಾ ಆಗುತ್ತದೆ.

ಐದನೇ ತರಗತಿಗೆ ಬಂದರೂ ಓದು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಮಗು ಇರುವ ಕಡೆಯಿಂದ. ಒಬ್ಬೊಬ್ಬರನ್ನೇ ಕರೆದು ನಾಲ್ಕು ನಿಮಿಷ ಓದಿಸಿ: ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕಥೆ. ಎಲ್ಲಿ ನಿಲ್ಲುತ್ತದೋ ಅದು ಮಗುವಿನ ಗುಂಪು. ನಾಲ್ಕು-ಐದನೇ ತರಗತಿ ಸೇರಿಸಿ ದಿನಕ್ಕೆ ಒಂದು ಗಂಟೆ ಗುಂಪಿನ ಪ್ರಕಾರ ಕಲಿಕೆ, ಹದಿನೈದು ದಿನಕ್ಕೊಮ್ಮೆ ಮರುಪರೀಕ್ಷೆ ಮಾಡಿ ಗುಂಪು ಬದಲು. ಬದಲಾಗದ ಗುಂಪು ಎಂದರೆ ಹಣೆಪಟ್ಟಿ.

ಅಕ್ಷರದ ಗುಂಪಿನ ದೊಡ್ಡ ಮಕ್ಕಳಿಗೆ ಒಂದನೇ ತರಗತಿಯ ಪುಸ್ತಕ ಕೊಡಬೇಡಿ, ಮಾನ ಹೋದಂತೆ ಅನಿಸುತ್ತದೆ. ಅವರ ಮಾತನ್ನೇ ಪಾಠ ಮಾಡಿ. ಮಗು ತನ್ನ ಒಂದು ಸಂಗತಿ ಹೇಳಲಿ, ಅರ್ಧ ಮನೆಮಾತಿನಲ್ಲಾದರೂ ಸರಿ. ‘ನಾನು ಕುರಿ ಕಾಯಾಕ ಹೋಗಿದ್ದೆ. ಒಂದು ಮರಿ ಹುಟ್ಟಿತು.’ ಅವನು ಹೇಳಿದ ಹಾಗೇ ನಾಲ್ಕು ಸಾಲು ಮೀರದಂತೆ ದೊಡ್ಡ ಹಾಳೆಯಲ್ಲಿ ಬರೆಯಿರಿ, ಬರೆಯುವಾಗ ಗಟ್ಟಿಯಾಗಿ ಓದಿ. ಮರುದಿನ ಬೆರಳಿಟ್ಟು ಅವನು ಓದಲಿ. ಮೂರನೇ ದಿನ ಸಾಲುಗಳನ್ನು ಕತ್ತರಿಸಿ ಕಲಸಿ ಕೊಡಿ, ಜೋಡಿಸಲಿ. ನಾಲ್ಕನೇ ದಿನ ಪದಗಳಾಗಿ ಕತ್ತರಿಸಿ. ಐದನೇ ದಿನ ‘ಕುರಿ’ಯ ಕು, ‘ಮರಿ’ಯ ರಿ ತೆಗೆದುಕೊಂಡು ಕುರಿ, ಮರಿ, ಗರಿ, ಕುಡಿ ಮಾಡಿಸಿ. ಕಾಗುಣಿತ ಬಾಯಿಪಾಠ ಬರುವುದಕ್ಕೂ ಓದು ಬರುವುದಕ್ಕೂ ಸಂಬಂಧ ಕಡಿಮೆ, ‘ಕ ಕಾ ಕಿ ಕೀ’ ಹಾಡುವ ಮಗು ‘ಕೀಲಿ’ ಓದಲು ನಿಂತುಬಿಡುತ್ತದೆ.

ಗಣಿತಕ್ಕೆ ಭಾಷೆಯ ಗೊಡವೆ ಇಲ್ಲ ಅಲ್ಲವೇ?

ಇದೆ, ಸಂಖ್ಯೆಯ ಹೆಸರಿನಿಂದಲೇ ಶುರು. ಕನ್ನಡದಲ್ಲಿ ಇಪ್ಪತ್ತೈದು ಎಂದರೆ ಇಪ್ಪತ್ತು ಮೊದಲು, ಐದು ಆಮೇಲೆ. ಉರ್ದುವಿನ ‘ಪಚ್ಚೀಸ್’ನಲ್ಲಿ ಐದು ಮೊದಲು ಕೇಳುತ್ತದೆ, ಅದಕ್ಕೇ 25ರ ಬದಲು 52 ಬರುತ್ತದೆ. ‘ಉನ್ತೀಸ್’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ, 29. ಮಗು 39 ಬರೆದರೆ ಕೇಳಿದ್ದು ‘ತೀಸ್’ ಎಂದು ತಿಳಿಯಿರಿ. ಹತ್ತರ ಕಟ್ಟು, ಬಿಡಿ ಕಡ್ಡಿ ಹಿಡಿದು, ಹೆಸರು ಹೇಳುವ ಮುಂಚೆ ಕಟ್ಟು ಎಣಿಸುವ ಅಭ್ಯಾಸ ಮಾಡಿಸಿ. ಕನ್ನಡದಲ್ಲಿ 90 ತೊಂಬತ್ತು, 900 ಒಂಬೈನೂರು, 19 ಹತ್ತೊಂಬತ್ತು. ಇವು ಎಲ್ಲರಿಗೂ ತೊಡಕು.

ಮಾತಿನ ಲೆಕ್ಕದಲ್ಲಿ ಅಂಕಿ ತೆಗೆದು ಓದಿಸಿ. ‘ಅಂಗಡಿಯಲ್ಲಿ ಕೆಲವು ಚೀಲ ಇದ್ದವು, ಕೆಲವು ಮಾರಾಟವಾದವು.’ ಏನಾಯಿತು ಎಂದು ಅಭಿನಯಿಸಲಿ. ತಿಳಿದ ಮೇಲೆ ಅಂಕಿ ಹಾಕಿ. ಇಲ್ಲವಾದರೆ ಕಂಡ ಎರಡು ಅಂಕಿಯನ್ನು ಕೂಡಿಸಿ ಕೈತೊಳೆದುಕೊಳ್ಳುತ್ತಾರೆ.

ದೀಪಾವಳಿ ಆದ ಮೇಲೆ ಗುಳೆ ಹೋಗುತ್ತಾರೆ, ಯುಗಾದಿಗೆ ಬರುತ್ತಾರೆ. ಏನು ಮಾಡಲು ಸಾಧ್ಯ?

ಹೋಗುವ ಮುಂಚಿನ ಕೆಲಸವೇ ಹೆಚ್ಚು. ದಸರೆಗೆ ಮೊದಲೇ ಪಟ್ಟಿ ಮಾಡಿ: ಯಾವ ಮನೆ, ಯಾವ ಊರು, ಯಾವ ಮೇಸ್ತ್ರಿ, ಯಾರ ಫೋನು. ಅಜ್ಜ-ಅಜ್ಜಿ ಊರಲ್ಲೇ ಉಳಿಯುವುದಾದರೆ ಮಗುವನ್ನು ಅವರ ಜೊತೆ ಅಥವಾ ಹಾಸ್ಟೆಲಿನಲ್ಲಿ ಬಿಡುವ ಮಾತನ್ನು ಆಗಲೇ ಎತ್ತಿ. ಗಂಟುಮೂಟೆ ಕಟ್ಟುವ ದಿನ ಹೇಳಿದರೆ ಯಾರೂ ಕೇಳುವುದಿಲ್ಲ. ಹೋಗಲೇಬೇಕಾದ ಮಗುವಿಗೆ ಒಂದು ಚೀಟಿ: ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಶಾಲೆಯ ಫೋನು, ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ. ಜೊತೆಗೆ ಒಂದು ಕಥೆಪುಸ್ತಕ, 30 ಪುಟದ ಒಂದು ನೋಟ್‌ಬುಕ್ಕು. ಪುಟಕ್ಕೊಂದೇ ಕೆಲಸ ಇರಲಿ: ಇವತ್ತು ಕಂಡ ಬೋರ್ಡು ಬರಿ, ಇಟ್ಟಿಗೆ ಎಣಿಸು, ಕೂಲಿ ಲೆಕ್ಕ ಮಾಡು.

ಹೋದ ಊರಿನ ಶಾಲೆ ವರ್ಗಾವಣೆ ಪತ್ರ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಪತ್ರ ತಡವಾದರೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ, 14ನೇ ಕಲಮು ವಯಸ್ಸಿನ ದಾಖಲೆ ಇಲ್ಲದಿದ್ದರೂ ಹಾಗೆಯೇ. ಈ ಎರಡು ಸಾಲನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಡಿ, ಪುಣೆಯಲ್ಲೋ ಹೈದರಾಬಾದಿನಲ್ಲೋ ತಾಯಿಗೆ ಅದನ್ನು ತೋರಿಸಲು ಬರುತ್ತದೆ.

ಮರಳಿ ಬಂದಾಗ ಮೊದಲ ದಿನ ಪರೀಕ್ಷೆ ಬೇಡ, ‘ಎಲ್ಲಿಗೆ ಹೋಗಿದ್ದೆ, ಇಷ್ಟು ದಿನ’ ಎಂಬ ಗದರಿಕೆಯೂ ಬೇಡ. ಎರಡು-ಮೂರನೇ ದಿನ ಮೇಲಿನ ನಾಲ್ಕು ನಿಮಿಷದ ಓದು. ನಂತರ ಹನ್ನೆರಡು ದಿನ ಬೆಳಿಗ್ಗೆ ಅರ್ಧ ಗಂಟೆ ತಪ್ಪಿಹೋದ ಪಾಠಗಳಲ್ಲಿ ಮುಂದಿನದಕ್ಕೆ ಬೇಕೇಬೇಕಾದವು ಮಾತ್ರ. ಭಾಗಾಕಾರಕ್ಕೆ ಮಗ್ಗಿ ಬೇಕು, ಆಕೃತಿಗಳ ಪಾಠ ಬೇಡ. ಎಲ್ಲವನ್ನೂ ತುರುಕಲು ಹೋದವರು ಯಾವುದನ್ನೂ ದಾಟಿಸಿಲ್ಲ. ಮಗು ಹಿಂದಿಯನ್ನೋ ಮರಾಠಿಯನ್ನೋ ಕಲಿತು ಬಂದಿರುತ್ತದೆ, ಅದನ್ನು ತರಗತಿಗೆ ಕೇಳಿಸಲಿ. ವರ್ಷಗಟ್ಟಲೆ ಶಾಲೆ ತಪ್ಪಿದವರನ್ನು 4ನೇ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹನ್ನೊಂದರ ಹುಡುಗಿಯನ್ನು ಎರಡನೇ ತರಗತಿಯಲ್ಲಿ ಕೂರಿಸಿದರೆ ಒಂದು ವಾರ ಬಂದಾಳು.

ಎಷ್ಟು ದಿನ ಗೈರಾದರೆ ಮನೆಗೆ ಹೋಗಬೇಕು?

ಅಪಾಯದ ಅಂಚಿನವರ ಪಟ್ಟಿಯಲ್ಲಿರುವ ಮಗುವಾದರೆ ಮೂರನೇ ದಿನ. ವಾರ ಕಳೆದರೆ ಮಗುವಿಗೆ ಹೊಲದಲ್ಲಿ ಜಾಗ ಗೊತ್ತಾಗಿರುತ್ತದೆ, ಕೂಲಿಯ ಮುಂಗಡವೂ ಮನೆ ಸೇರಿರುತ್ತದೆ. ಹತ್ತಿ ಬೀಜದ ಕ್ರಾಸಿಂಗ್ (ಕೈಯಿಂದ ಹೂವಿಗೆ ಪರಾಗ ಹಚ್ಚುವ) ಕೆಲಸದ ದಿನಗಳಲ್ಲಿ ಇದು ಇನ್ನೂ ಬೇಗ. ಸಣ್ಣ ಬೆರಳು ಬೇಕೆಂದು ಮಕ್ಕಳನ್ನೇ, ಅದರಲ್ಲೂ ಹುಡುಗಿಯರನ್ನು ಹುಡುಕುತ್ತಾರೆ. ಮನೆಯಲ್ಲಿ ಉಪದೇಶ ಬೇಡ. ‘ಏನು ತೊಂದರೆ ಆಯ್ತವ್ವಾ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ತಂಗಿಯನ್ನು ನೋಡಿಕೊಳ್ಳುವುದೇ ಕಾರಣವಾದರೆ ದಾರಿ ಅಂಗನವಾಡಿಯ ಸಮಯದಲ್ಲಿದೆ, ನಿಮ್ಮ ಪಾಠದಲ್ಲಿಲ್ಲ. ಏಳನೇ ತರಗತಿ ಮುಗಿಸಿದ ಹುಡುಗಿ ಶಾಲೆ ಬಿಟ್ಟು ನಿಂತರೆ ಕಾರಣ ಕೇಳಿ: ಬಸ್ಸಿನ ಹೊತ್ತೇ, ಜೊತೆಯಿಲ್ಲದ್ದೇ, ಮದುವೆಯ ಮಾತೇ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತದಿಂದ ಪ್ರಯೋಜನವಿಲ್ಲ. ಒಂದೇ ಊರಿನ ಹುಡುಗಿಯರನ್ನು ಒಟ್ಟಿಗೆ ಸೇರಿಸುವುದು, ಇಲ್ಲವೇ ಕಸ್ತೂರಬಾ ವಸತಿ ಶಾಲೆಗೆ ಅರ್ಜಿ ಹಾಕಿಸುವುದು ಹೆಚ್ಚು ಫಲ ಕೊಡುತ್ತದೆ. ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098.

ತಂದೆಯ ಹೆಸರು ಹೇಳದ ಮಗು?

ಕೇಳಬೇಡಿ. ಮಾಜಿ ದೇವದಾಸಿ ಮಹಿಳೆಯರ ಮಕ್ಕಳು ಈ ಮೂರೂ ಜಿಲ್ಲೆಗಳಲ್ಲಿ ಓದುತ್ತಿದ್ದಾರೆ. ತಾಯಿಯ ಹೆಸರು ಬರೆದು ಮುಂದೆ ಹೋಗಿ. ಹಾಜರಿ ಕರೆಯುವಾಗ, ‘ನನ್ನ ಕುಟುಂಬ’ ಪಾಠ ಮಾಡುವಾಗ ‘ಅಪ್ಪ ಏನು ಕೆಲಸ’ ಎಂಬುದರ ಬದಲು ‘ಮನೆಯಲ್ಲಿ ಯಾರ್ಯಾರು ಇದ್ದೀರಿ’ ಎಂದು ಕೇಳಿ.

ಕಲಿಯದಿದ್ದರೆ ಎರಡೇಟು ಹಾಕಬಾರದೇ?

ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಮಾತು ಆಡಿದ್ದಕ್ಕೆ ದಂಡ ಹಾಕುವುದು, ‘ತಾಂಡಾದವರು’, ‘ಕ್ಯಾಂಪಿನವರು’ ಎಂದು ಗುಂಪು ಕರೆಯುವುದನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪರೀಕ್ಷೆಯಲ್ಲಿ ಇವರಿಗೆ ಅಂಕ ಹೇಗೆ ಕೊಡಲಿ?

ಪರಿಸರ ಅಧ್ಯಯನದ ಉತ್ತರದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ, ಅದು ಭಾಷೆಯ ಪತ್ರಿಕೆಯ ಕೆಲಸ. ರೂಪಣಾತ್ಮಕ ಮೌಲ್ಯಮಾಪನದಲ್ಲಿ (ವರ್ಷದ ನಡುನಡುವೆ ಕಲಿಕೆ ನೋಡುವ ಪರೀಕ್ಷೆ) ಚಿತ್ರಕ್ಕೆ ಹೆಸರು ಬರೆಯುವುದು, ಮಾಡಿ ತೋರಿಸುವುದು, ಬಾಯಲ್ಲಿ ಹೇಳುವುದು ಮೂರಕ್ಕೂ ಜಾಗ ಕೊಡಿ. ಪ್ರಶ್ನೆಯನ್ನು ಒಮ್ಮೆ ಓದಿ ಹೇಳುವುದು ಉತ್ತರ ಹೇಳಿಕೊಟ್ಟಂತಲ್ಲ.

ಪೋಷಕರ ಸಭೆಗೆ ಯಾರೂ ಬರುವುದಿಲ್ಲ.

ಹಗಲು ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬಂದಾರು? ಸಂಜೆ ಏಳರ ಮೇಲೆ, ತಾಂಡಾದಲ್ಲೇ. ಮೊದಲು ತಾಂಡಾದ ಮುಖಂಡರಾದ ನಾಯಕ, ಕಾರಭಾರಿಯವರಿಗೆ ತಿಳಿಸಿ, ಜೊತೆಗೆ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಇರುವ ಆ ಓಣಿಯ ತಾಯಿಯೊಬ್ಬರನ್ನು ಕರೆದೊಯ್ಯಿರಿ. ಭಾಷಣ ಮಾಡದೆ ಮಗುವಿನ ಕೈಯಲ್ಲಿ ಅದೇ ಹೇಳಿ ಬರೆಸಿದ ಆ ನಾಲ್ಕು ಸಾಲಿನ ಹಾಳೆ ಓದಿಸಿ. ಇಪ್ಪತ್ತು ನಿಮಿಷ ಮೀರಬೇಡಿ, ಅಡುಗೆಯ ಹೊತ್ತು.

ನಾನೊಬ್ಬನೇ ಶಿಕ್ಷಕ, ಐದು ತರಗತಿ. ಇದೆಲ್ಲ ಆಗುವ ಮಾತೇ?

ಎಲ್ಲವೂ ಆಗುವುದಿಲ್ಲ. ಮೂರು ಹಿಡಿದುಕೊಳ್ಳಿ: ಬೆಳಿಗ್ಗೆಯ ಒಂದು ಗಂಟೆ ತರಗತಿ ಮರೆತು ಓದಿನ ಗುಂಪುಗಳು, ಒಂದು-ಎರಡನೇ ತರಗತಿಗೆ ದಿನಾ ಹದಿನೈದು ನಿಮಿಷ ಬರೀ ಮಾತಿನ ಆಟ, ಮೂರನೇ ದಿನದ ಮನೆಭೇಟಿ. ಬಿಡಬಹುದಾದ್ದು: ಪ್ರಶ್ನೋತ್ತರ ಬರೆದುಕೊಟ್ಟು ನಕಲು ಮಾಡಿಸುವುದು. ಅದರಿಂದ ಉಳಿಯುವ ಹೊತ್ತೇ ಈ ಮೊದಲ ಎರಡಕ್ಕೆ ಸಾಕಾಗುತ್ತದೆ. ಮನೆಭೇಟಿಗೆ ಒಬ್ಬರೇ ಓಡಬೇಕಿಲ್ಲ, ಬಿಸಿಯೂಟದ ಅಡುಗೆಯವರು ಅದೇ ಓಣಿಯವರಾಗಿದ್ದರೆ ಯಾವ ಮನೆಗೆ ಇವತ್ತು ಬೀಗ ಬಿದ್ದಿದೆ ಎಂಬುದು ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಅಕ್ಕಿ ಅಳೆಯುವ ಹೊತ್ತಿಗೇ ಕೇಳಿಬಿಡಿ.